ಬಾಜು ಮನೆಯ ಕಾಕು ಬರೆದ ಯಾದಿ

ಕಾಕುವಿನ ತುರುಬಿನಲ್ಲಿ ಸದಾ ಒಂದು ಪೆನ್ಸಿಲ್ ತುಂಡು ಸಿಕ್ಕಿಕೊಂಡಿರುತ್ತಿತ್ತು. ಕಿರುಬೆರಳಿನಷ್ಟೂ ಉದ್ದವಿಲ್ಲದ್ದು. ದಿನಕ್ಕೆ ನೂರು ಸಲ ಅದನ್ನು ಎಳೆದು, ಮತ್ತೆ ಸಿಕ್ಕಿಸಿ ಅವರ ಬಲಗಿವಿಯ ಮೇಲ್ತುದಿಯಲ್ಲಿ ಸೀಸದ ಕಪ್ಪು ಗೆರೆಯೊಂದು ಕೂತುಬಿಟ್ಟಿತ್ತು. ಬಸದಿಗೆ ಹೋಗಲೆಂದು ಮಿಂದು ರೇಷ್ಮೆ ಸೀರೆ ಉಟ್ಟ ದಿನವೂ ಆ ಗೆರೆ ಹಾಗೇ ಇರುತ್ತಿತ್ತು.

ಬೆಳಗಾವಿಯ ಶಹಾಪುರದಲ್ಲಿ ನಮ್ಮ ಬಾಡಿಗೆ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಓಣಿಯವರೆಲ್ಲ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಗದಗದ ಕಡೆಯಿಂದ ಮದುವೆಯಾಗಿ ಬಂದ ನನಗೆ ಊರೂ ಹೊಸದು, ಸಂಸಾರವೂ ಹೊಸದು. ಮೊದಲ ವಾರ ಪೇಟೆಗೆ ಹೋದವಳು ಉಪ್ಪು ಮರೆತು ಬಂದೆ, ಮರುದಿನ ಉಪ್ಪು ತರಲು ಹೋಗಿ ಬೇಳೆ ಮರೆತು ಬಂದೆ. ಮೂರನೆಯ ದಿನ ಕಾಕು ನನ್ನನ್ನು ಕರೆದು ಕೂರಿಸಿಕೊಂಡು ಪೆನ್ಸಿಲ್ಲನ್ನು ತುರುಬಿನಿಂದ ಇಳಿಸಿದರು.

"ಅಡಗಿ ಮನಿ ನೋಡಿ ಯಾದಿ ಬರೀಬ್ಯಾಡ ತಂಗಿ, ರಸ್ತಾ ನೋಡಿ ಬರಿ. ಯಾವ ಅಂಗಡಿ ಮೊದಲ ಬರತೈತಿ, ಅದರ ಸಾಮಾನ ಮೊದಲ. ಇಲ್ಲಂದ್ರ ತಿರಗಿ ತಿರಗಿ ಕಾಲು ಹರದ ಹೋಗ್ತಾವ."

ಪಟ್ಟಿಗೆ ಯಾದಿ ಎನ್ನುವುದನ್ನು ನಾನು ಕಲಿತದ್ದು ಅಂದೇ. ಏಳನೆಯ ಇಯತ್ತೆಗೆ ಸಾಲೆ ಬಿಟ್ಟವರು ಅವರು. ಹಳೆಯ ಲಗ್ನಪತ್ರಿಕೆಗಳ ಖಾಲಿ ಬದಿಯನ್ನು ಕತ್ತರಿಸಿ ಡಬ್ಬಿಯಲ್ಲಿ ಕೂಡಿಸಿಟ್ಟುಕೊಂಡು, ಅದರ ಮೇಲೆ ದುಂಡನೆಯ ಅಕ್ಷರದಲ್ಲಿ ದಿನದ ಕೆಲಸಗಳನ್ನೆಲ್ಲ ಬರೆಯುತ್ತಿದ್ದರು. ನೀರಿನ ಟಾಕಿ ತೊಳೆಯುವುದು. ಟೇಲರನಿಂದ ಕುಬಸ ತರುವುದು. ಮುಗಿದ ಕೆಲಸದ ಮೇಲೆ ಗೆರೆ ಎಳೆಯುವಾಗ ತುಟಿ ಬಿಗಿ ಹಿಡಿಯುತ್ತಿದ್ದರು. ಒಮ್ಮೆ ಅವರ ಯಾದಿಯ ಕೊನೆಗೆ 'ಹತ್ತು ನಿಮಿಷ ಸುಮ್ಮ ಕುಂದರೂದು' ಎಂದು ಬರೆದದ್ದನ್ನು ಕಂಡೆ. ಅದರ ಮೇಲೆ ಗೆರೆ ಬಿದ್ದಿರಲಿಲ್ಲ. ಮರುದಿನದ ಯಾದಿಯಲ್ಲೂ ಅದಿತ್ತು, ಅಂದೂ ಬೀಳಲಿಲ್ಲ.

ಬಿಡುವಿಲ್ಲದ್ದಕ್ಕೆ ಕಾರಣ ಮಗಳು. ಮೈಯಲ್ಲಿ ಹದಿನೆಂಟು ತುಂಬಿದ್ದರೂ ಬುದ್ಧಿ ಐದಾರು ವರ್ಷದ ಮಗುವಿನದು. ಎಲ್ಲರೂ ಅವಳನ್ನು ಬೇಬಿ ಎನ್ನುತ್ತಿದ್ದರು. ಮಾತು ಅವಳ ಬಾಯಲ್ಲಿ ನಾಲ್ಕೈದಕ್ಕಿಂತ ಹೆಚ್ಚಿರಲಿಲ್ಲ. ಫೌಂಡ್ರಿಯಲ್ಲಿ ಕೆಲಸಕ್ಕಿದ್ದ ಯಜಮಾನರು ತೀರಿಕೊಂಡ ಮೇಲೆ ಆ ಮನೆಯಲ್ಲಿ ತಾಯಿ ಮಗಳು ಇಬ್ಬರೇ.

ಬೇಬಿಗಾಗಿ ಕಾಕು ಬೇರೆಯೇ ಯಾದಿ ಮಾಡುತ್ತಿದ್ದರು. ಅದರಲ್ಲಿ ಅಕ್ಷರವಿಲ್ಲ, ಚಿತ್ರ. ಒಂದು ತೆಂಗಿನಕಾಯಿ, ಒಂದು ಸಾಬೂನು, ಒಂದು ಕಡ್ಡಿಪೆಟ್ಟಿಗೆ, ಎರಡು ಬಾಳೆಹಣ್ಣು. ನಾಲ್ಕು ಚಿತ್ರಕ್ಕಿಂತ ಹೆಚ್ಚು ಎಂದೂ ಬರೆಯಲಿಲ್ಲ. ಚೀಲವನ್ನೂ ಚಿತ್ರದ ಯಾದಿಯನ್ನೂ ಹಿಡಿದು ಬೇಬಿ ಮೂಲೆಯ ಕಿರಾಣಿ ಅಂಗಡಿಗೆ ಒಬ್ಬಳೇ ಹೋಗಿ ಬರುತ್ತಿದ್ದಳು. ಒಬ್ಬಳೇ ಎಂದು ಅವಳು ತಿಳಿದಿದ್ದಳು. ಕಾಕು ಇಪ್ಪತ್ತು ಹೆಜ್ಜೆ ಹಿಂದೆ, ಗೋಡೆಯ ಮರೆ ಹಿಡಿದು ಬರುತ್ತಿದ್ದರು.

ಒಂದು ದಿನ ಜಿಟಿಜಿಟಿ ಮಳೆ. ಅಂಗಡಿಯವರು ಊರಿಗೆ ಹೋಗಿ, ಗಲ್ಲೆಯ ಮೇಲೆ ಅವರ ನೆಂಟರೊಬ್ಬರು ಕೂತಿದ್ದರು. ಆತ ಬೇಬಿಯ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, "ಯಾರ ಮದಿವಿ ಕಾರ್ಡ ತಂದೀಯವಾ? ನಿಂದನ?" ಎಂದು ನಕ್ಕ. ನಿಂತಿದ್ದ ಗಿರಾಕಿಗಳೂ ನಕ್ಕರು. ಬೇಬಿ ಚೀಲ ಚಾಚಿ ನಿಂತವಳು ನಿಂತೇ ಇದ್ದಳು. ನಾನು ಕೆಲಸಕ್ಕಿದ್ದ ಕಾಲೇಜಿನ ಆಫೀಸಿನಿಂದ ಬರುತ್ತ ಅಲ್ಲಿಗೆ ಬಂದೆ. ನನಗಿಂತ ಮೊದಲು ಕಾಕು ಬಂದಿದ್ದರು. ದನಿ ಏರಿಸಲಿಲ್ಲ.

"ನಾಕ ಚಿತ್ರ ಅದಾವ ನೋಡ್ರಿ. ಟೆಂಗಿನಕಾಯಿ, ಸಬಕಾರ, ಕಡ್ಡಿಪೆಟ್ಟಿಗಿ, ಬಾಳಿಹಣ್ಣ. ಆಕಿಗೆ ಓದಾಕ ಬರತೈತಿ. ನಿಮಗ ಬರೂದಿಲ್ಲಂದ್ರ ಹೇಳ್ರಿ, ನಾ ಕಲಸ್ತೀನಿ."

ಆತ ತಲೆ ತಗ್ಗಿಸಿ ನಾಲ್ಕೂ ಸಾಮಾನು ಚೀಲಕ್ಕೆ ಹಾಕಿದ. ಕಾಕು ಮತ್ತೆ ಹಿಂದಕ್ಕೆ ಸರಿದು ನಿಂತರು. ಬೇಬಿ ಮುಂದೆ ಹೋಗಲಿ, ಸಾಮಾನನ್ನು ತಾನೇ ತಂದೆನೆಂದು ತಿಳಿಯಲಿ ಎಂದು.

ನನ್ನ ಮೇಲೆ ಅವರ ಉಪಕಾರ ದೊಡ್ಡದು. ನಾನು ಬಸುರಿಯಾಗಿದ್ದಾಗ ಡಾಕ್ಟರು ಮೂರು ತಿಂಗಳು ಹಾಸಿಗೆ ಬಿಟ್ಟು ಏಳಬಾರದು ಎಂದರು. ನನ್ನ ತಾಯಿ ಇರಲಿಲ್ಲ, ಅತ್ತೆಗೆ ಪಾರ್ಶ್ವವಾಯು. ಆ ಮೂರು ತಿಂಗಳು ನಮ್ಮ ಮನೆ ನಡೆದದ್ದು ಕಾಕುವಿನ ಯಾದಿಯಿಂದ. ನನ್ನ ಗಂಡ ಬೆಳಿಗ್ಗೆ ಮಾಡಬೇಕಾದ್ದು, ಸಂಜೆ ಮಾಡಬೇಕಾದ್ದು, ನಾನು ನುಂಗಬೇಕಾದ ಗುಳಿಗೆ, ಎಲ್ಲ ಬರೆದು ಬಾಗಿಲ ಹಿಂದೆ ಅಂಟಿಸಿದ್ದರು. ಜೈನರು ಅವರು, ನೆಲದೊಳಗೆ ಬೆಳೆಯುವ ಉಳ್ಳಾಗಡ್ಡಿ, ಬಟಾಟೆ ಅವರ ಹೊಸ್ತಿಲು ದಾಟಿ ಒಳಗೆ ಬಂದದ್ದೇ ಇಲ್ಲ. ಆದರೆ ನಮ್ಮ ಪೇಟೆ ಯಾದಿಯಲ್ಲಿ ಅವರ ಕೈಯಕ್ಷರದಲ್ಲೇ 'ಉಳ್ಳಾಗಡ್ಡಿ ೧ ಕಿಲೋ' ಎಂದು ಇರುತ್ತಿತ್ತು. ತಾವೇ ಬೇರೆ ಚೀಲದಲ್ಲಿ ಹೊತ್ತು ತಂದು ನಮ್ಮ ಅಡುಗೆ ಮನೆಯಲ್ಲಿ ಸುರಿದು, ಕೈ ತೊಳೆದು ಹೋಗುತ್ತಿದ್ದರು. ನನ್ನ ಮಗಳು ಬದುಕಿ ಹುಟ್ಟಿದಳು.

ಹನ್ನೆರಡು ವರ್ಷ ಹೀಗೇ ಹೋಯಿತು. ಆಮೇಲೆ ಕಾಕುವಿನ ಹೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. ಡಾಕ್ಟರು ಹೇಳುವ ಹೊತ್ತಿಗೆ ಅದು ಲಿವರಿಗೂ ಹಬ್ಬಿತ್ತು. ಔಷಧಿಯಿಂದ ಕೂದಲು ಉದುರಿ ತುರುಬು ಹೋಯಿತು. ಪೆನ್ಸಿಲ್ಲು ಆಸ್ಪತ್ರೆಯ ದಿಂಬಿನ ಕೆಳಗೆ ಸೇರಿತು. ನನ್ನ ಕೈಯಲ್ಲಿ ನೂರು ಪುಟದ ನೋಟ್‌ಬುಕ್ಕು ತರಿಸಿಕೊಂಡು, ಎದ್ದು ಕೂರಲು ಶಕ್ತಿ ಇದ್ದ ದಿನವೆಲ್ಲ ಬರೆದರು. ಬೇಬಿಯನ್ನು ನೋಡಿಕೊಳ್ಳುವ ಯಾದಿ. ನೂರಾ ಹನ್ನೊಂದು ಕಲಮು.

'೪. ಕುಕ್ಕರ ಸೀಟಿ ಹೊಡಿಯೂ ಮೊದಲ, ಈಗ ಬರತೈತಿ ಅಂತ ಹೇಳಬೇಕು. ಇಲ್ಲಂದ್ರ ಅಂಜತಾಳ.'

'೯. ಹೊತ್ತು ಮುಳುಗೂ ಮೊದಲ ಊಟ. ಮುಳುಗಿದ ಮ್ಯಾಲೆ ಬಾಯಿ ತೆರಿಯೂದಿಲ್ಲ. ಬಡದರೂ ತೆರಿಯೂದಿಲ್ಲ. ಬಡೀಬ್ಯಾಡ್ರಿ.'

'೨೨. ತಲಿ ಬಾಚೂವಾಗ ಹಿಂದ ನಿಂದರಬಾರದು. ಎದುರಿಗೆ ಕುಂದರಬೇಕು.'

ಒಂದು ಸಂಜೆ ನೋಟ್‌ಬುಕ್ಕನ್ನು ನನ್ನ ತೊಡೆಯ ಮೇಲಿಟ್ಟು ಮೊದಲ ಪುಟ ತೆರೆದರು. ಮೇಲಿನ ಒಂದು ಸಾಲು ಖಾಲಿ ಇತ್ತು.

"ಅಲ್ಲಿ ಹೆಸರ ಬರೀಬೇಕು ತಂಗಿ. ನನ್ನ ಹಿಂದ ಬೇಬಿ ಯಾರ ಕಡೆ ಇರತಾಳ ಅಂತ."

ನನ್ನ ಮುಖವನ್ನೇ ನೋಡುತ್ತಿದ್ದರು. ಅವರು ಕೇಳುತ್ತಿದ್ದದ್ದು ಏನೆಂದು ನನಗೆ ಚೆನ್ನಾಗಿ ತಿಳಿದಿತ್ತು. ಎರಡು ಕೋಣೆಯ ಮನೆ, ಹಾಸಿಗೆ ಹಿಡಿದ ಅತ್ತೆ, ಕಾಲೇಜಿನ ಆಫೀಸಿನಲ್ಲಿ ನನ್ನ ಕಾರಕೂನಿಕೆ, ಓದುವ ಮಗಳು, ಎಲ್ಲ ಒಂದೇ ಉಸಿರಿಗೆ ತಲೆಯಲ್ಲಿ ಬಂತು. ಇವೆಲ್ಲ ನಿಜವೇ. ಆದರೆ ಅವನ್ನೂ ಹೇಳಲಿಲ್ಲ.

"ಈಗ್ಯಾಕ ಅವೆಲ್ಲ ಕಾಕು? ನೀವ ಅರಾಮ ಆಗಿ ಮನಿಗೆ ಬರ್ತೀರಿ," ಎಂದೆ.

ಕಾಕು "ಹೂಂ" ಎಂದು ನೋಟ್‌ಬುಕ್ಕನ್ನು ನನ್ನ ತೊಡೆಯಿಂದ ತೆಗೆದುಕೊಂಡು ಮುಚ್ಚಿದರು. ಮತ್ತೆಂದೂ ಕೇಳಲಿಲ್ಲ. ಮರುದಿನ ಹೋದಾಗ ಆ ಸಾಲಿನಲ್ಲಿ ಖಾನಾಪುರದಲ್ಲಿದ್ದ ಅವರ ಮೈದುನನ ಹೆಸರಿತ್ತು.

ಹದಿನೈದು ದಿನಕ್ಕೆ ತೀರಿಕೊಂಡರು. ಮೈದುನ ಬಂದು ಕ್ರಿಯೆ ಮುಗಿಸಿ ಬೇಬಿಯನ್ನು ಕರೆದುಕೊಂಡು ಹೋದರು. ಗಡಿಬಿಡಿಯಲ್ಲಿ ನೋಟ್‌ಬುಕ್ಕು ನನ್ನಲ್ಲೇ ಉಳಿಯಿತು. ಒಂದು ಮಧ್ಯಾಹ್ನ ಆಫೀಸಿನಲ್ಲಿ ಕೂತು ಪೂರ್ತಿ ಓದಿ ಕಣ್ಣೀರು ಹಾಕಿದೆ. ನನ್ನ ಮೇಜಿನ ಬಾಜುವಿಗೇ ಝೆರಾಕ್ಸ್ ಯಂತ್ರ ಇತ್ತು. ಒಂದು ಪ್ರತಿ ತೆಗೆದಿಟ್ಟುಕೊಳ್ಳಬೇಕು ಎಂದು ಹೊಳೆಯಲೂ ಇಲ್ಲ. ಮುಂದಿನ ರವಿವಾರ ಬಸ್ಸು ಹಿಡಿದು ಖಾನಾಪುರಕ್ಕೆ ಹೋಗಿ ಮೈದುನನ ಹೆಂಡತಿಯ ಕೈಗೆ ಕೊಟ್ಟು ಬಂದೆ. ದೊಡ್ಡ ಭಾರ ಇಳಿಸಿದಂತೆ ಅನಿಸಿತ್ತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಎರಡು ತಿಂಗಳ ಮೇಲೆ ಮತ್ತೆ ಹೋದೆ. ಹಿತ್ತಲ ಕಟ್ಟೆಯ ಮೇಲೆ ಬೇಬಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಕೂತಿದ್ದಳು. ಒಲೆಯ ಮೇಲೆ ಕುಕ್ಕರು ಇರಲಿಲ್ಲ. ಯಾವಾಗ ಸೀಟಿ ಬರುತ್ತದೋ ತಿಳಿಯದೆ ಬೆಳಗಿನಿಂದ ಹಾಗೇ ಕೂರುತ್ತಾಳೆ ಎಂದರು ಮನೆಯವರು. ತಲೆಗೂದಲನ್ನು ಗಂಡಸರ ಹಾಗೆ ಕತ್ತರಿಸಿದ್ದರು.

ಮೈದುನನ ಹೆಂಡತಿ ಕೆಟ್ಟವರಲ್ಲ. ಮೊಣಕಾಲು ಊದಿಕೊಂಡು ಗೋಡೆ ಹಿಡಿದು ನಡೆಯುತ್ತಿದ್ದರು. ಚಹಾ ಕೊಟ್ಟು ಎದುರು ಕೂತು, "ಅಕ್ಕಾರು ನೂರಾ ಹನ್ನೊಂದು ಬರದಾರ್ರಿ. ನಾ ಒಬ್ಬಾಕಿ. ಮೊದಲ ಎಂಟ ದಿನಾ ಪುಸ್ತಕ ಹಿಡಕೊಂಡ ಮಾಡಿದೆ. ಬಾಚಾಕ ಎದುರಿಗೆ ಕುಂದರಬೇಕಂತ. ಈ ಮೊಳಕಾಲ ತಗೊಂಡ ಹೆಂಗ ಕುಂದರ್ಲಿ, ನೀವ ಹೇಳ್ರಿ?" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಹೊರಡುವಾಗ ಬೇಬಿ ನನ್ನ ಚೀಲದ ಹಿಡಿಕೆ ಹಿಡಿದುಕೊಂಡಳು. ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು. ಬಿಡಿಸಿದ್ದು ನಾನೇ.

ಮಳೆಗಾಲ ಮುಗಿದ ಮೇಲೆ ಒಬ್ಬ ಹೆಂಗಸಿನ ಫೋನು ಬಂತು. ಬೆಳಗಾವಿಯ ಹೊರಗೆ ಇಂಥವರನ್ನು ಇಟ್ಟುಕೊಳ್ಳುವ ಆಶ್ರಮವೊಂದಿದೆ; ಬೇಬಿಯನ್ನು ಅಲ್ಲಿಗೆ ಸೇರಿಸಿ ಮೂರು ವಾರವಾಗಿತ್ತು. ಮೈದುನ ನನ್ನ ನಂಬರನ್ನೂ ಕೊಟ್ಟಿದ್ದರಂತೆ. ಹೋಗಿ ನೋಡಿದರೆ ಬೇಬಿಯ ಕೊರಳ ಎಲುಬು ಎದ್ದು ಕಾಣುತ್ತಿತ್ತು. ನನ್ನ ಗುರುತು ಹತ್ತಲಿಲ್ಲವೋ, ಹತ್ತಿದರೂ ಬೇಡವಾಯಿತೋ, ಮುಖ ತಿರುಗಿಸಿದಳು.

"ಭಾಳ ಹಟಮಾರಿ ಅದಾಳ್ರಿ," ಎಂದರು ಆಶ್ರಮ ನೋಡಿಕೊಳ್ಳುವ ಹೆಂಗಸು, ಅಲ್ಲಿಯವರೆಲ್ಲ 'ಬಾಯಿ' ಎಂದು ಕರೆಯುವವರು. "ಏಳೂವರಿಗೆ ಎಲ್ಲಾರ್ನೂ ಊಟಕ್ಕ ಕುಂದರಸ್ತೀವಿ. ಈಕಿ ತುತ್ತ ಮುಟ್ಟೂದಿಲ್ಲ."

"ಹೊತ್ತ ಮುಳುಗಿದ ಮ್ಯಾಲೆ ಆಕಿ ಉಣ್ಣೂದಿಲ್ರಿ. ಹುಟ್ಟಿದಾಗಿಂದ ಹಂಗ."

ಆ ಬಾಯಿ ನನ್ನನ್ನೇ ನೋಡಿದರು. "ಮತ್ತ ಇಷ್ಟ ದಿನಾ ಯಾರೂ ಹೇಳ್ಲಿಲ್ಲಲ್ರಿ!"

ಅಲ್ಲಿಂದಲೇ ಖಾನಾಪುರಕ್ಕೆ ಫೋನು ಮಾಡಿ ನೋಟ್‌ಬುಕ್ಕು ಕೇಳಿದೆ. ಮಳೆಗೆ ಕಪಾಟಿನ ಹಿಂದಿನ ಗೋಡೆ ಸೋರಿ ಒಳಗಿನ ಕಾಗದವೆಲ್ಲ ಮುದ್ದೆಯಾಗಿತ್ತು, ಹೊರಗೆ ಹಾಕಿದೆವು ಎಂದರು. ಬಾಯಿ ಒಂದು ಹಾಳೆ, ಒಂದು ಪೆನ್ನು ತಂದು ನನ್ನ ಮುಂದಿಟ್ಟರು. "ನಿಮಗ ನೆನಪಿದ್ದಷ್ಟ ಬರದ ಕೊಡ್ರಿ."

ಬರೆಯಲು ಕೂತೆ. ಕುಕ್ಕರು ಬರೆದೆ, ಊಟ ಬರೆದೆ, ತಲೆ ಬಾಚುವುದು ಬರೆದೆ. ಹದಿನೇಳಕ್ಕೆ ನಿಂತೆ. ಹದಿನೆಂಟನೆಯದಾಗಿ 'ನೋವಾದರೆ ಬೇಬಿ ಅಳುವುದಿಲ್ಲ, ಅದರ ಬದಲು' ಎಂದು ಬರೆದು ಪೆನ್ನು ತಡೆಯಿತು. ಅಂಥದೊಂದು ಕಲಮು ಇತ್ತು. ಅದರ ಕೆಳಗೆ ಕಾಕು ಎರಡು ಸಲ ಗೆರೆ ಎಳೆದಿದ್ದರು. ಗೆರೆ ಕಣ್ಣಿಗೆ ಕಟ್ಟುತ್ತಿತ್ತು, ಮಾತು ಬರಲಿಲ್ಲ. ಅರ್ಧ ತಾಸು ಕೂತೆ. ಕೊನೆಗೆ ಆ ಸಾಲು ಹೊಡೆದುಹಾಕಿ ಹದಿನೇಳನ್ನಷ್ಟೇ ಕೊಟ್ಟು ಬಂದೆ. ಅವರು ಬೇಬಿಗೆ ಐದೂವರೆಗೇ ಊಟ ಹಾಕತೊಡಗಿದರು ಎಂದು ಕೇಳಿ ಸಮಾಧಾನಪಟ್ಟುಕೊಂಡೆ. ಮತ್ತೆ ಹೋಗಬೇಕು ಎನ್ನುತ್ತಲೇ ಎರಡು ತಿಂಗಳು ಕಳೆದವು.

ಚಳಿಗಾಲದ ಒಂದು ಬೆಳಿಗ್ಗೆ ಅಡುಗೆ ಮಾಡುತ್ತಿದ್ದಾಗ ಅದೇ ಬಾಯಿಯ ಫೋನು. ಬೇಬಿ ಹೋಗಿಬಿಟ್ಟಳು ಎಂದರು. ಹೊಟ್ಟೆಯೊಳಗೆ ಕರುಳು ಒಡೆದು ನಂಜು ಏರಿತ್ತಂತೆ. ಆಸ್ಪತ್ರೆಗೆ ಒಯ್ದಾಗ ಹೊತ್ತು ಮೀರಿತ್ತಂತೆ.

"ನಮಗ ಒಂಚೂರೂ ಗೊತ್ತಾಗ್ಲಿಲ್ರಿ," ಆಕೆ ಅಳುತ್ತಿದ್ದರು. "ಚೀರಲಿಲ್ಲ, ಅಳಲಿಲ್ಲ. ಉಲ್ಟಾ ಎರಡ ದಿನಾ ಭಾಳ ಶಾಣ್ಯಾಕಿ ಆಗಿದ್ಲರಿ. ಒಂದ ಕಡೆ ಕುಂತು ಹಾಸಗಿ ಚಾದರ ಮಡಚೂದು, ಬಿಚ್ಚೂದು, ಮತ್ತ ಮಡಚೂದು. ನಾವು ಸುಧಾರಿಸಿದ್ಲು ಅಂತ ಖುಷಿಪಟ್ವಿ."

ಆಗ ಆ ಸಾಲು ಪೂರ್ತಿಯಾಗಿ, ಕಾಕುವಿನ ದುಂಡು ಅಕ್ಷರದಲ್ಲೇ ನನ್ನ ಕಣ್ಣೆದುರು ಬಂತು. 'ನೋವಾದ್ರ ಬೇಬಿ ಅಳೂದಿಲ್ಲ. ಕೈಗೆ ಸಿಕ್ಕ ಅರಿವಿ ಮಡಚತಾಳ. ಮಡಚಾಕ ಹತ್ತಿದ್ರ ತಡಾ ಮಾಡಬ್ಯಾಡ್ರಿ, ಡಾಕ್ಟರ ಕಡೆ ಒಯ್ರಿ.'

ಫೋನಿನಲ್ಲಿ ಆಕೆ "ಹಲೋ, ಬಾಯಾರ, ಹಲೋ" ಎನ್ನುತ್ತಲೇ ಇದ್ದರು. ನಾನು ಗ್ಯಾಸು ಆರಿಸಿ ಗೋಡೆಗೆ ಒರಗಿ ನೆಲದ ಮೇಲೆ ಕೂತೆ. ಆ ಸಾಲನ್ನು ಆಕೆಗೆ ಹೇಳಲಿಲ್ಲ. ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.