ಅಗಿಯದೆ ನುಂಗಿದ ಮುದ್ದೆ

ಚನ್ನಪಟ್ಟಣದ ಹೆದ್ದಾರಿ ಹೋಟೆಲು. ನೆನಪು ಆಮೇಲೆ ಎಲ್ಲವನ್ನೂ ಒಪ್ಪ ಮಾಡಿಬಿಡುತ್ತದೆ. ಅದಕ್ಕೇ ಬಲಗೈ ಸಾರಿನಲ್ಲಿರುವಾಗಲೇ ಎಡಗೈಯಲ್ಲಿ ಗೀಚುತ್ತಿದ್ದೇನೆ. ನಮ್ಮ ಮದುವೆ ವಾರ್ಷಿಕೋತ್ಸವದ ಊಟ. ಬಿಜಾಪುರದವಳಾದ ನನ್ನ ಹೆಂಡತಿ ಶಾಂತಾ ಹೋದ ಸಲ ರಾಗಿಮುದ್ದೆಯನ್ನು ನುಂಗದೆ ಅಗಿದು ಗೆಳೆಯರ ನಗೆಗೆ ಸಿಕ್ಕಿದ್ದಳು. ಇವತ್ತು ನುಂಗಿಯೇ ತೋರಿಸುತ್ತೇನೆಂದು ಬಂದಿದ್ದಾಳೆ.

"ಒಸಿ ಸಣ್ಣ ತುತ್ತು ಮಾಡ್ಕಳಿ ಅತ್ತಿಗೆ, ಗಂಟ್ಲಲ್ಲಿ ಸಿಗಾಕಂಡಾತು," ಅಂದ ಅವತ್ತು ನಕ್ಕಿದ್ದ ಗೆಳೆಯ, ಕೈಲಾಂಚ ಊರಿನ ಸಿದ್ದರಾಜು. ಬಿಡದಿ ಕಡೆಯ ಹೊಸ ಕಾರ್ಖಾನೆಗೆ ಸೇರಿದ ಮೇಲೆ ಅವನಿಗೆ ದಿನವೂ ಕ್ಯಾಂಟೀನಿನ ಅನ್ನ, ಮುದ್ದೆ ಅಪರೂಪ.

ಶಾಂತಾ ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಗುಳಕ್ಕನೆ ನುಂಗಿದಳು. ಇನ್ನೊಂದು. ಮತ್ತೊಂದು. ರೇಷ್ಮೆ ನೂಲು ತೆಗೆಯುವ ಇನ್ನೊಬ್ಬ ಗೆಳೆಯ ರಹಮತ್ ಮೇಜು ಬಡಿದ. ಆಗ ಅವಳ ಕಣ್ಣು ಸಿದ್ದರಾಜುವಿನ ದವಡೆಯ ಮೇಲೆ ಬಿತ್ತು.

"ಅಣ್ಣಾ, ನೀವ್ಯಾಕ ಅಗೀಲಿಕ್ಹತ್ತೀರಿ?"

ಸಿದ್ದರಾಜು ಅಗಿಯುವುದನ್ನು ನಿಲ್ಲಿಸಿದ. ಅವಳು ಬಡಿಸುವವನನ್ನು ಕೂಗಿದಳು: "ನನಗ ಇನ್ನೊಂದು ಮುದ್ದಿ ಹಾಕ್ರಿ. ಅಣ್ಣಾವ್ರಿಗೆ ಅನ್ನ."