ಇರುವೆಯಮ್ಮನ ಹಾಡು

ಮಕ್ಕಳ ವಾರ್ಡಿನಲ್ಲಿ ಆ ನರ್ಸಿಗೆ ಹಾಡಕ್ಕ ಎಂದೇ ಹೆಸರು. ಸೂಜಿ ಕಂಡರೆ ಮಂಚದಡಿ ನುಸುಳುವ ಮಕ್ಕಳೂ ಅವಳ ಮುಂದೆ ತೋಳು ಚಾಚುತ್ತಿದ್ದವು. ರಕ್ತದ ಕಾಯಿಲೆಯ ಒಬ್ಬ ಹುಡುಗಿಗಾಗಿ ಅವಳು ನಿಂತ ನಿಲುವಿನಲ್ಲೇ ಹಾಡು ಕಟ್ಟಿದ್ದಳು:

ಇರುವೆಯಮ್ಮ ಬಂದಳು, ಸಕ್ಕರೆ ಎಲ್ಲಿ ಎಂದಳು,
ಚುರುಕ್ಕೆಂದು ಕಚ್ಚಿಬಿಟ್ಟು ಮನೆಗೆ ಓಡಿಹೋದಳು.

ಆ ಹುಡುಗಿಯ ಅಮ್ಮ ಅದನ್ನು ಫೋನಿನಲ್ಲಿ ವಿಡಿಯೊ ಮಾಡಿ ನೆಂಟರಿಷ್ಟರಿಗೆಲ್ಲ ಕಳಿಸಿದ್ದಳು.

ಕೆಲವು ವರ್ಷಗಳ ಮೇಲೆ ಹೊಸದಾಗಿ ಸೇರಿದ ಮಗುವೊಂದರ ಬೊಂಬೆಯ ಹೊಟ್ಟೆ ಒತ್ತಿದರೆ ಅದೇ ಹಾಡು. ಡಬ್ಬಿಯ ಮೇಲೆ 'ಜನಪದ ಗೀತೆ' ಎಂದಿತ್ತು.

"ಅಲ್ಲ ಕಣೇ, ನೀನು ಯಾವಾಗ ಜನಪದ ಆದೆ?" ಎಂದು ಹಿರಿಯ ನರ್ಸ್ ಕಾಲೆಳೆದಳು. ಹಾಡಕ್ಕನೂ ನಕ್ಕಳು. ಆದರೆ ಅಂದಿನಿಂದ ಅವಳ ಬಾಯಿ ಕಟ್ಟಿತು. ಸುಮ್ಮನೆ ಸೂಜಿ ಚುಚ್ಚುವಳು, ಹತ್ತಿ ಒತ್ತುವಳು, ಮುಂದಿನ ಮಂಚಕ್ಕೆ ಹೋಗುವಳು. ವಾರ್ಡಿನಲ್ಲಿ ಅಳು ಹೆಚ್ಚಾಯಿತು.

"ಒಂದು ಹಾಡು ತಾನೇ, ಹೋಗ್ಲಿ ಬಿಡು," ಎಂದ ಗಂಡ.

"ತಗೊಂಡು ಹೋಗಿದ್ರೆ ಹೋಗ್ಲಿ ಅಂತಿದ್ದೆ. ಯಾರದ್ದೂ ಅಲ್ಲ ಅಂದ್ಬಿಟ್ರಲ್ಲ. ಇನ್ನೊಂದು ಕಟ್ಟೋಕೆ ಮನಸ್ಸೇ ಬರ್ತಿಲ್ಲ."

ಮರುದಿನ ಗಂಡ ತಾನೇ ರಜೆ ಹಾಕಿ ಅವಳನ್ನು ವಕೀಲೆಯೊಬ್ಬಳ ಬಳಿ ಕರೆದೊಯ್ದ.

"ಹಾಡು ಕಟ್ಟಿದವರು ನೀವು, ಹಕ್ಕೂ ನಿಮ್ಮದೇ," ಎಂದಳು ವಕೀಲೆ. "ನೀವೇ ಕಟ್ಟಿದ್ದು ಅಂತ ತೋರಿಸೋಕೆ ಏನಾದ್ರೂ ಇದ್ಯಾ?"

ಹಾಡಕ್ಕ ಆ ಹುಡುಗಿಯ ಅಮ್ಮನಿಗೆ ಫೋನು ಮಾಡಿದಳು. ಈಗ ಗುಣವಾಗಿ ಶಾಲೆಗೆ ಹೋಗುತ್ತಿದ್ದ ಹುಡುಗಿಯನ್ನೂ ಕರೆದುಕೊಂಡೇ ಆಕೆ ಬಂದಳು. ಹಳೆಯ ವಿಡಿಯೊದಲ್ಲಿ ಹಾಡಕ್ಕ ಎರಡನೇ ಸಾಲಿಗೆ ತಡಕಾಡುವುದು, ಸಿಕ್ಕಿದೊಡನೆ ತಾನೇ ನಗುವುದು, ಎಲ್ಲವೂ ಇತ್ತು.

ವಕೀಲೆಯ ನೋಟಿಸು ತಲುಪಿ ಬಂದ ಬೊಂಬೆ ಕಂಪನಿಯವನು ಅವಳ ಕೋಣೆಯಲ್ಲಿ ಆ ವಿಡಿಯೊ ನೋಡಿ ತಲೆ ತಗ್ಗಿಸಿದ. "ಯಾರದ್ದು ಅಂತ ಗೊತ್ತಿರಲಿಲ್ಲಮ್ಮ."

"ಹುಡುಕಿದ್ರೆ ಸಿಗ್ತಿದ್ದೆ," ಎಂದಳು ಹಾಡಕ್ಕ ಮೆಲ್ಲಗೆ.

ಹೊಸ ಡಬ್ಬಿಗಳ ಮೇಲೆ ಅವಳ ಹೆಸರು ಅಚ್ಚಾಯಿತು. ಮುಂದೆ ಬಳಸುವಾಗ ಅವಳನ್ನು ಕೇಳಿಯೇ ಬಳಸಬೇಕೆಂದು ಒಪ್ಪಂದವಾಯಿತು.

ಆ ವಾರವೇ ಕಾಲಿನ ಪ್ಲಾಸ್ಟರ್ ಬಿಚ್ಚಿಸಿಕೊಳ್ಳಲು ಹೆದರಿದ ಪುಟ್ಟಿಯೊಬ್ಬಳ ಪಕ್ಕ ಹಾಡಕ್ಕ ಕುಳಿತಳು. "ಬಿಳಿಯ ಬೂಟು ಬಿಗಿಯಾಯ್ತು..." ಎಂದು ಶುರುಮಾಡಿ ನಿಲ್ಲಿಸಿದಳು; ಮುಂದಿನದು ಹೊಳೆಯಲಿಲ್ಲ.

"ಬೆರಳಿಗೆಲ್ಲ ಸೆಕೆಯಾಯ್ತು," ಎಂದಳು ಪುಟ್ಟಿ ಮೂಗೊರೆಸಿಕೊಳ್ಳುತ್ತ.

ಹಾಡಕ್ಕ ಅವಳ ಕೆನ್ನೆ ಹಿಂಡಿದಳು. "ಈ ಸಾಲು ನಿಂದು ಕಣೇ. ಯಾರಾದ್ರೂ ಕೇಳಿದ್ರೆ ನಿನ್ನ ಹೆಸರೇ ಹೇಳ್ತೀನಿ."

ಪುಟ್ಟಿ ಕಾಲು ಮುಂದಕ್ಕೆ ಚಾಚಿದಳು.