ಹಂಡೆ ಕೊಟ್ಟು ತಂದ ದುರ್ಬೀನು

ಹೊಸಪೇಟೆ ಚಿತ್ತವಾಡ್ಗಿಯ ಹಿಟ್ಟಿನ ಗಿರಣಿ ಅಂದಾನಪ್ಪನಿಗೆ ಒಂದು ಚಟವಿತ್ತು. ಕುಡಿತವಲ್ಲ, ಇಸ್ಪೀಟೂ ಅಲ್ಲ. ಅಂಥದ್ದಾಗಿದ್ದರೆ ನಾಲ್ಕು ಮಂದಿಯ ಮುಂದೆ ಹೇಳಿಕೊಂಡು ಅತ್ತು ಹಗುರಾಗಬಹುದಿತ್ತು ಎಂಬುದು ಅವನ ಹೆಂಡತಿ ಸಂಗಮ್ಮನ ಕೊರಗು. ಕೆಟ್ಟುಹೋದ ಸಾಮಾನುಗಳನ್ನು ಮನೆಗೆ ತಂದು ಬಿಚ್ಚುವುದು ಅವನ ಚಟ. ಗಡಿಯಾರ, ಗ್ರಾಮಫೋನು, ಹೊಲಿಗೆ ಮಶೀನು, ಯಾರದೋ ಮದುವೆಗೆ ಉಡುಗೊರೆ ಬಂದು ಆ ಮದುವೆಗಿಂತ ಮೊದಲೇ ಮುರಿದುಬಿದ್ದ ಕೂಲರು, ಯಾವುದಾದರೂ ಆದೀತು. ಬಿಚ್ಚುವುದರಲ್ಲಿ ಅವನಂಥ ನಿಸ್ಸೀಮ ಇಡೀ ಹೊಸಪೇಟೆಯಲ್ಲಿರಲಿಲ್ಲ. ತಿರುಗಿ ಕೂಡಿಸುವಾಗ ಮಾತ್ರ ಪ್ರತಿ ಸಲ ಒಂದೆರಡು ಸ್ಕ್ರೂ ಉಳಿಯುತ್ತಿದ್ದವು. "ಕಂಪ್ನಿಯೋರು ಹೆಚ್ಚಿಗಿ ಹಾಕಿರ್ತಾರ" ಎಂದು ಅವನ್ನು ಉಪ್ಪಿನಕಾಯಿ ಭರಣಿಗೆ ಸುರಿಯುತ್ತಿದ್ದ. ಆ ಮನೆಯಲ್ಲಿ ಉಪ್ಪಿನಕಾಯಿಗಿಂತ ಸ್ಕ್ರೂ ಹೆಚ್ಚಿದ್ದವು.

ಹೀಗೆ ಬಂದ ಪ್ರತಿಯೊಂದು ಸಾಮಾನಿಗೂ ಸಂಗಮ್ಮ ಇಟ್ಟ ಹೆಸರು ಒಂದೇ. "ಇವತ್ತ್ಯಾವ ಶನಿ ತಂದ್ರಿ?" ಎಂದು ಕೇಳುವಳು. ಬರಬರುತ್ತ ಆ ಹೆಸರು ತಂದವನಿಗೂ ಅಂಟಿತು. "ಮನಿಗೆ ವಕ್ಕರಿಸಿದ ಶನಿ" ಎಂದು ಅವಳು ಒಲೆಯ ಮುಂದೆ ಗೊಣಗಿದಾಗ, ಅದು ಕೂಲರಿಗೆ ಅಂದದ್ದೋ ತನಗೋ ಎಂದು ಅಂದಾನಪ್ಪ ವಿಚಾರಿಸಲು ಹೋಗುತ್ತಿರಲಿಲ್ಲ. ಕೇಳಿದರೆ ಉತ್ತರ ಸಿಗುತ್ತದೆಂಬ ಭಯ.

ಗಿರಣಿಗೆ ಬೇರಿಂಗು ಹುಡುಕಿಕೊಂಡು ಒಮ್ಮೆ ಸಂಡೂರಿಗೆ ಹೋದ. ಅಲ್ಲಿ ಗುಜರಿ ಅಂಗಡಿಯ ಮೂಕಣ್ಣ ಅವನ ಹಳೆಯ ಸ್ನೇಹಿತ. ಹೆಸರಿಗೆ ಮೂಕಣ್ಣ, ಬಾಯಿ ತೆರೆದರೆ ಮುಚ್ಚುವ ಪೈಕಿಯಲ್ಲ. ಯಾವುದೋ ಹಳೇ ಗಣಿ ಸಾಹೇಬರ ಬಂಗಲೆ ಕೆಡವಿದ ಸಾಮಾನು ಅವನ ಅಂಗಡಿಯಲ್ಲಿ ರಾಶಿ ಬಿದ್ದಿತ್ತು. ಆ ರಾಶಿಯೊಳಗಿಂದ ಆಳೆತ್ತರದ ಒಂದು ಹಿತ್ತಾಳೆ ಕೊಳವೆ ಮೂತಿ ಚಾಚಿತ್ತು.

"ಅದಾ? ಬ್ರಿಟಿಷರ ಕಾಲದ ಪಂಪು. ತಿಗಣಿಗೆ ಔಷಧ ಹೊಡೀತಿದ್ರು" ಎಂದ ಮೂಕಣ್ಣ.

ಅಂದಾನಪ್ಪ ಕೊಳವೆಯನ್ನು ಎತ್ತಿ ಒಂದು ಬದಿಯಿಂದ ಊದಿದ. ಸಂಡೂರಿನ ಅದಿರಿನ ಕೆಂಪು ದೂಳೆಲ್ಲ ಅವನ ಮುಖಕ್ಕೇ ಬಂತು. ಮೀಸೆ ಒರೆಸಿಕೊಂಡು ನೋಡಿದರೆ ಇನ್ನೊಂದು ಬದಿಯಲ್ಲಿ ಅಂಗೈಯಗಲ ಗಾಜು, ಅದರ ಸುತ್ತ ಇಂಗ್ಲಿಷಿನಲ್ಲಿ ಕೆತ್ತಿದ ಲಂಡನ್ ಎಂಬ ಅಕ್ಷರ. ಪಂಪಲ್ಲ, ದುರ್ಬೀನು! ಗಿರಾಕಿಯ ಮುಖ ಓದುವ ವಿದ್ಯೆ ಮೂಕಣ್ಣನಿಗೆ ಹುಟ್ಟಿನಿಂದಲೇ ಬಂದದ್ದು. ಒಂದೇ ಕ್ಷಣದಲ್ಲಿ ತಿಗಣೆ ಪಂಪು ರಾಜಮಹಾರಾಜರ ಸಾಮಾನಾಯಿತು.

"ನೀವು ಅಂತ ಕೊಡ್ತೀನಿ, ಬ್ಯಾರೆಯವ್ರಿಗೆ ಮುಟ್ಟಾಕ ಬಿಡಂಗಿಲ್ಲ. ಹಿತ್ತಾಳಿಗೆ ಹಿತ್ತಾಳಿ ತರ್ರಿ, ತೂಕಕ್ಕ ತೂಕ. ಮುಗೀತು."

ಅಂದಾನಪ್ಪನ ಮನೆಯಲ್ಲಿ ಅಷ್ಟು ತೂಕದ ಹಿತ್ತಾಳೆ ಇದ್ದದ್ದು ಒಂದೇ: ಸಂಗಮ್ಮನ ತವರು ಕಂಪ್ಲಿಯಿಂದ ಮದುವೆಯಲ್ಲಿ ಬಂದ ನೀರಿನ ಹಂಡೆ. ದುಂಡು ಹೊಟ್ಟೆ, ಎರಡೂ ಕಡೆ ಹಿಡಿಕೆ. ಗೀಸರು ಬಂದ ಮೇಲೆ ಅದು ಅಟ್ಟ ಸೇರಿತ್ತು. ಆದರೂ ಪ್ರತಿ ದೀಪಾವಳಿಗೆ ಸಂಗಮ್ಮ ಅದನ್ನಿಳಿಸಿ ಹುಣಸೆಹಣ್ಣು ಹಚ್ಚಿ ಥಳಥಳ ತಿಕ್ಕಿ, ನೀರು ತುಂಬಿ, ಹಬ್ಬ ಮುಗಿದ ಮೇಲೆ ಮತ್ತೆ ಅಟ್ಟಕ್ಕೇರಿಸುತ್ತಿದ್ದಳು. ಆ ವಾರ ಅವಳು ತಮ್ಮನ ಮನೆಯ ಗೃಹಪ್ರವೇಶಕ್ಕೆಂದು ಕಂಪ್ಲಿಗೆ ಹೋಗಿದ್ದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತು.

ತಿರುಗಿ ಬಂದ ಸಂಗಮ್ಮ ಅಟ್ಟ ನೋಡಿದಳು, ಪಡಸಾಲೆಯಲ್ಲಿ ಒರಗಿದ್ದ ಕೊಳವೆ ನೋಡಿದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಅಂದಾನಪ್ಪ ಬದುಕಿಕೊಳ್ಳುತ್ತಿದ್ದ.

"ಅದ್ರಾಗ ಕಾಸಿದ ನೀರಾಗ ನಮ್ಮ ಹುಡ್ರು ಮಿಂದು ದೊಡ್ಡವ್ರಾದ್ರು" ಎಂದಳು ಮೆಲ್ಲಗೆ. "ನಮ್ಮವ್ವ ತಲಿಮ್ಯಾಲ ಹೊತ್ಕಂಡು ಬಂದು ಇಟ್ಟಿದ್ದು."

"ಇದ್ರಾಗ ಆಕಾಶದಾಗಿನ ಶನಿ ಕಾಣ್ತಾನ. ಉಂಗುರ ಸೈತ. ನಿನಗ ಮೊದ್ಲು ತೋರಿಸ್ತೀನಿ" ಎಂದ ಅಂದಾನಪ್ಪ.

"ಶನಿ ನೋಡಾಕ ನನಗ ದುರ್ಬೀನು ಯಾಕ ಬೇಕ್ರಿ?" ಎಂದು ಅವನನ್ನೇ ದಿಟ್ಟಿಸಿ ಒಳಗೆ ಹೋದಳು.

ಅಂದಿನಿಂದ ಮನೆಯಲ್ಲಿ ದುರ್ಬೀನಿನ ಹೆಸರು ಹಂಡೆ. "ಹಂಡೆ ಸರಸ್ರಿ, ಕಸ ಹೊಡೀಬೇಕು." "ಹಂಡೆ ಮುಂದ ಕುಂತೇ ಉಣ್ರಿ, ಅದಾ ಬಡಸ್ತತಿ." ಆ ಮಾತು ಕೇಳಿದಾಗಲೆಲ್ಲ ಅಂದಾನಪ್ಪ ತನಗೆ ತಾನೇ ಹೇಳಿಕೊಳ್ಳುತ್ತಿದ್ದ: ಗಡಿಯಾರ, ಕೂಲರು ಕೂಡದೆ ಹೋದರೆ ಹೋಗಲಿ, ಇದೊಂದು ಕೂಡಲೇಬೇಕು. ಸಂಗಮ್ಮ ಇದಕ್ಕೆ ಕಣ್ಣಿಟ್ಟು, ಹಂಡೆ ಹೋದದ್ದು ವ್ಯರ್ಥವಾಗಲಿಲ್ಲ ಎಂದು ಅವಳ ಬಾಯಿಂದಲೇ ಬರಬೇಕು. ಅಷ್ಟಾದರೆ ಸಾಕು ಎಂದು ಅವನು ಹಠ ತೊಟ್ಟ.

ರಿಪೇರಿ ಶುರುವಾಯಿತು. ಕೊಳವೆಯೊಳಗಿಂದ ಉದುರಿದ ಅದಿರನ್ನು ಸಾಗಿಸಲು ಪರ್ಮಿಟ್ ಬೇಕಾದೀತೇನೋ ಅನ್ನುವಷ್ಟಿತ್ತು. ಗಿರಣಿಯ ಹಿಟ್ಟು ಬಳಿಯುವ ಬ್ರಷ್ಷಿನಿಂದ ಎಲ್ಲ ಝಾಡಿಸಿದ. ಹಿತ್ತಾಳೆಗೆ ಸೀಮೆಎಣ್ಣೆ ಹಚ್ಚಲು ಹೊರಟಾಗ ಸಂಗಮ್ಮ ತಡೆಯಲಾರದೆ ಒಂದು ಉಂಡೆ ಹುಣಸೆಹಣ್ಣು ತಂದು ಕುಕ್ಕಿದಳು. "ಉಪ್ಪು ಹಾಕಿ ತಿಕ್ರಿ. ನೀವು ಮಾಡಿದ್ದಕ್ಕ ಪಾಪ ಹಿತ್ತಾಳಿ ಏನ್ ಮಾಡ್ತತಿ." ದುರ್ಬೀನಿನ ಜೊತೆಗೇ ಬಂದಿದ್ದ ಮರದ ಮೂರು ಕಾಲುಗಳ ಬುಡ ಗೆದ್ದಲು ತಿಂದಿತ್ತು. ಒಂದನ್ನು ಕೊಯ್ದ, ಅದಕ್ಕೆ ಸರಿಯಾಗಲೆಂದು ಇನ್ನೊಂದು, ಅದಕ್ಕೆ ಸಮವಾಗಲೆಂದು ಮೂರನೆಯದು. ಮೂರೂ ಸಮವಾಗುವ ಹೊತ್ತಿಗೆ ನೆಟ್ಟಗೆ ನಿಲ್ಲುತ್ತಿದ್ದ ದುರ್ಬೀನು ಮೊಣಕಾಲೆತ್ತರಕ್ಕೆ ಇಳಿದಿತ್ತು.

ಮುಂದಿನ ಗಾಜೆಂದರೆ ಒಂದಲ್ಲ, ಒಂದರ ಬೆನ್ನಿಗೊಂದು ಕೂತ ಎರಡು ಗಾಜು. ಬಿಚ್ಚಿ ತೊಳೆದು ಕೂಡಿಸಿದ ಮೇಲೆ ಎತ್ತ ನೋಡಿದರೂ ಮಂಜು. ಬಸ್‌ಸ್ಟ್ಯಾಂಡ್ ಹತ್ತಿರದ ಚಷ್ಮಾ ಅಂಗಡಿ ಕನಕರಾಜನ ಬಳಿಗೆ ಹೊತ್ತುಕೊಂಡು ಹೋದ. ಕನಕರಾಜ ದುರ್ಬೀನನ್ನು ಬಗ್ಗಿಯೂ ನೋಡಲಿಲ್ಲ, ಅಂದಾನಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಗೋಡೆಯ ಅಕ್ಷರ ಓದಿಸಿದ. "ದುರ್ಬೀನು ಬರೋಬರಿ ಐತ್ರಿ, ಕಣ್ಣು ಕೆಟ್ಟಾವ" ಎಂದು ಹೊಸ ಚಷ್ಮಾ ಹಾಕಿ ಕಳಿಸಿದ. ಚಷ್ಮಾದಿಂದ ನೋಡಿದರೆ ಮಂಜು ಮೊದಲಿಗಿಂತ ಸ್ಪಷ್ಟವಾಗಿ ಕಂಡಿತು. ಕೊನೆಗೆ ಇನ್ನೊಮ್ಮೆ ತೊಳೆದು ಟವೆಲ್ಲಿನ ಮೇಲೆ ಒಣಗಿಸಿದಾಗ ಒಂದು ಗಾಜು ಕೈತಪ್ಪಿ ಮಗುಚಿ ಬಿತ್ತು. ಹಾಗೇ ಕೂಡಿಸಿದ. ಮಂಜು ಹರಿಯಿತು. ಜಾಣತನದಿಂದ ಆಗದ ಕೆಲಸ ಕೈತಪ್ಪಿನಿಂದ ಆಯಿತು ಎಂಬುದನ್ನು ಅವನು ಯಾರಿಗೂ ಹೇಳಲಿಲ್ಲ.

ಆದರೆ ಮಾಳಿಗೆಯಿಂದ ಜಂಬುನಾಥನ ಗುಡ್ಡದ ಕಡೆ ತಿರುಗಿಸಿ ನೋಡಿದರೆ ಗುಡ್ಡ ತಲೆಕೆಳಗಾಗಿ ನೇತಾಡುತ್ತಿತ್ತು! ಬಿಚ್ಚಿದ, ಕೂಡಿಸಿದ, ಗುಡ್ಡ ಇಳಿಯಲಿಲ್ಲ. ತಲೆಗೆ ಕೈಹೊತ್ತು ಕೂತಿದ್ದಾಗ ಪಕ್ಕದ ಮನೆಯ ಉಚ್ಚೆಂಗಪ್ಪ ಮಾಳಿಗೆ ಹತ್ತಿ ಬಂದ. ಕಾಲುವೆ ಕಚೇರಿಯಲ್ಲಿ ನೌಕರಿ ಮಾಡಿ ನಿವೃತ್ತನಾದ ಈತ, ಅಲ್ಲಿ ನೀರು ಬಿಡುವ ತಾರೀಖನ್ನು ಒಮ್ಮೆಯೂ ಸರಿಯಾಗಿ ಹೇಳಿದವನಲ್ಲ. ಈಗ ಪಂಚಾಂಗ ಹಿಡಿದು ಓಣಿಯ ಭವಿಷ್ಯವನ್ನೆಲ್ಲ ಹೇಳುತ್ತಿದ್ದ.

"ಲೇ ಅಂದಾನಿ, ಹುಚ್ಚದೀಯೇನು? ಹಂಪಿಯಾಗ ವಿರುಪಾಕ್ಷನ ಗುಡಿಯೊಳಗ ಗೋಪುರದ ನೆಳ್ಳು ತಲಿಕೆಳಗ ಬೀಳಂಗಿಲ್ಲೇನು? ಅದನ್ನ ಯಾರಾರ ರಿಪೇರಿ ಮಾಡ್ಯಾರೇನು?"

ಚಿಕ್ಕಂದಿನಿಂದ ಆ ಕತ್ತಲೆ ಕೋಣೆಯ ನೆರಳಿಗೆ ಕೈಮುಗಿದ ಊರಿನವರು, ತಲೆಕೆಳಗಾದದ್ದನ್ನು ಕೆಟ್ಟದ್ದೆನ್ನುವುದು ಹೇಗೆ? ಅಂದಾನಪ್ಪ ಸ್ಕ್ರೂಡ್ರೈವರ್ ಕೆಳಗಿಟ್ಟ. ಉಪ್ಪಿನಕಾಯಿ ಭರಣಿಗೆ ಈ ಸಲ ಒಂದೂ ಸ್ಕ್ರೂ ಬೀಳಲಿಲ್ಲ.

ದೀಪಾವಳಿ ಮುಗಿದು ಕಾರ್ತಿಕದಲ್ಲಿ ಸಂಜೆಯಾದರೆ ಶನಿ ಮೇಲೆ ಬಂದಿರುತ್ತಿದ್ದ. ಅಂದಾನಪ್ಪ ಓಣಿಗೆಲ್ಲ ಹೇಳಿ ಬಂದ: ಶನಿವಾರ ಸಂಜೆ ಬರ್ರಿ, ಶನಿಯನ್ನು ತೋರಿಸ್ತೀನಿ. ಒಂದು ನರಪಿಳ್ಳೆಯೂ ಬರಲಿಲ್ಲ. ಎದುರು ಮನೆಯ ಭರಮಮ್ಮ ಬಾಗಿಲು ಹಾಕಿಕೊಂಡು ಕಿಟಕಿಯಿಂದಲೇ ಕೇಳಿದಳು: "ನಾವು ಅವನ್ನ ನೋಡಿದ್ರ ಅವ ನಮ್ಮನ್ನ ನೋಡಂಗಿಲ್ಲೇನ್ರಿ? ಬರಿಗಣ್ಣೀಲೆ ನೋಡಿದ್ದಕ್ಕಾ ಸಾಡೇಸಾತಿ ಹಿಡಿತತಿ. ಆ ಕೊಳವ್ಯಾಗಿಂದ ನೋಡಿದ್ರ ಏನ್ ಗತಿ?" ಕೊರಳಲ್ಲಿ ಲಿಂಗ ಕಟ್ಟಿದವರಿಗೆ ಗ್ರಹದ ಗೊಡವೆಯಿಲ್ಲ ಎನ್ನುವ ಅಂದಾನಪ್ಪನ ಸ್ವಂತ ಬೀಗರೂ ಅಂದು ತಲೆನೋವೆಂದು ಮಲಗಿದರು.

ಕಾಪಾಡಿದವನು ಮತ್ತೆ ಉಚ್ಚೆಂಗಪ್ಪನೇ. ಪಂಚಾಂಗ ತಿರುವಿ, ದುರ್ಬೀನಿನಲ್ಲಿ ಗುಡ್ಡ ಮತ್ತೊಮ್ಮೆ ನೋಡಿ, ತೀರ್ಪು ಕೊಟ್ಟ. "ಇದ್ರಾಗ ಎಲ್ಲಾ ತಲಿಕೆಳಗ. ಅಂದಮ್ಯಾಲ ಶನಿನೂ ತಲಿಕೆಳಗ. ತಲಿಕೆಳಗಾದ ಶನಿ ಕಾಡೋದೂ ತಲಿಕೆಳಗ, ಅಂದ್ರ ಕೊಡ್ತಾನ. ನೋಡಿದೋರ ಸಾಡೇಸಾತಿ ಹಿಂದಕ್ಕ ಓಡ್ತತಿ!"

ಮುಂದಿನ ಶನಿವಾರ ಮಾಳಿಗೆ ಮೆಟ್ಟಿಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಾಪಿನಾಯಕನಹಳ್ಳಿಯಿಂದ ಟ್ರ್ಯಾಕ್ಟರ್, ಮರಿಯಮ್ಮನಹಳ್ಳಿಯಿಂದ ಲಾರಿ ಮಾಲೀಕರು ಬಂದರು. ಎಳ್ಳೆಣ್ಣೆ ಬಂತು, ಕರಿ ಬಟ್ಟೆ ಬಂತು, ಕೊಳವೆಗೆ ಕುಂಕುಮ ಬಿತ್ತು. ಭರಮಮ್ಮ ಎಲ್ಲರಿಗಿಂತ ಮುಂದೆ. ಒಬ್ಬ ಪುಣ್ಯಾತ್ಮ ಗಾಜಿಗೇ ಎಣ್ಣೆ ಎರೆಯಲು ಹೋದಾಗ ಅಂದಾನಪ್ಪ ಅಡ್ಡ ಬಿದ್ದು ಉಳಿಸಿಕೊಂಡ. ಕಾಲು ಮೋಟಾದ ದುರ್ಬೀನನ್ನು ಮೇಲಕ್ಕೆತ್ತಿದರೆ ಕಣ್ಣಿಡುವ ತುದಿ ನೆಲಕ್ಕೆ ಹತ್ತುತ್ತಿತ್ತು. ನೋಡಬೇಕೆಂದರೆ ನೆಲದ ಮೇಲೆ ಉದ್ದಕ್ಕೆ ಮಲಗಿ ಕತ್ತು ತಿರುವಬೇಕು. ಮಂದಿ ಅದನ್ನು ಸಾಷ್ಟಾಂಗವೆಂದೇ ತಿಳಿದು ಸಂತೋಷಪಟ್ಟರು. ಉಂಗುರ ನೋಡಿದಿರಾ ಎಂದರೆ, ಕಣ್ಣು ಮುಚ್ಚಿಕೊಂಡಿದ್ದೆವು ಎನ್ನುವವರೇ ಬಹಳ. ಅಂದಾನಪ್ಪನಿಗೆ ಊರಲ್ಲಿ ಹೆಸರಾಯಿತು: ಶನಿ ಅಂದಾನಪ್ಪ.

"ಈ ಹೆಸರು ನಾನು ಎಂದೋ ಇಟ್ಟಿದ್ದೆ. ಊರಿಗೆ ಈಗ ಗೊತ್ತಾತು" ಎಂದಳು ಸಂಗಮ್ಮ.

ಇಷ್ಟೆಲ್ಲ ಮೆರೆದರೂ ಅವನ ಹಠ ಗೆದ್ದಿರಲಿಲ್ಲ. ಊರೆಲ್ಲ ನೋಡಿತು, ಸಂಗಮ್ಮ ನೋಡಲಿಲ್ಲ. ಶನಿಯ ಭಯ ಅವಳಿಗಿರಲಿಲ್ಲ. ಮನೆಯಲ್ಲೇ ಒಬ್ಬನನ್ನು ಸಾಕಿದವಳು. ಮೊಣಕಾಲು ನೋವು, ಕೆಳಗೆ ಕೂತರೆ ಏಳಲಾಗದು. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿತ್ತು. "ನನ್ನ ಹಂಡೆಗೆ ನಾನಾ ಅಡ್ಡ ಬೀಳಬೇಕೇನ್ರಿ?" ಎಂದು ಒಂದು ಸಂಜೆ ಕೇಳಿದಳು. ಅಂದಾನಪ್ಪನೂ ಒಪ್ಪಿದ. ನ್ಯಾಯವಾದ ಮಾತು.

ಮರುದಿನವೇ ಕನಕರಾಜನಿಗೆ ದುಂಬಾಲು ಬಿದ್ದ. ಈ ಸಲ ಅವನು ನಿಜವಾಗಿಯೂ ಉಪಕಾರ ಮಾಡಿ, ಕೊರಿಯರಿನಲ್ಲಿ ಒಂದು ಮೊಣಕೈ ತುಂಡು ತರಿಸಿಕೊಟ್ಟ. ನಲ್ಲಿ ಪೈಪಿನ ಎಲ್ಬೋ ಇದ್ದಂತೆ, ಒಳಗೆ ಕನ್ನಡಿ. ತುದಿಗೆ ಸಿಕ್ಕಿಸಿದರೆ ಮಲಗಬೇಕಿಲ್ಲ, ಕುರ್ಚಿ ಹಾಕಿ ಕೂತು ಬಗ್ಗಿದರೆ ಸಾಕು. ಅಂದಾನಪ್ಪ ದುರ್ಬೀನನ್ನು ಎರಡು ಹಿಟ್ಟಿನ ಡಬ್ಬಿಗಳ ಮೇಲೇರಿಸಿ, ಎಲ್ಬೋ ಹಾಕಿ, ಅಡುಗೆಮನೆಯ ಕುರ್ಚಿಯನ್ನು ಮಾಳಿಗೆಗೆ ಹೊತ್ತ. ಶನಿವಾರ ಮುಸ್ಸಂಜೆ ಮಂದಿ ನೆರೆಯುತ್ತಿದ್ದಾಗ ಉಚ್ಚೆಂಗಪ್ಪ ಪದ್ಧತಿಯಂತೆ ಮೊದಲು ಗುಡ್ಡ ನೋಡಿದ. ಚೇಳು ಕಡಿದವನಂತೆ ಹಿಂದೆ ಹಾರಿದ.

"ಗುಡ್ಡ ನೆಟ್ಟಗ ನಿಂತತಿ! ಲೇ, ಶನಿ ಎದ್ದು ನಿಂತಾನ! ಯಾರೂ ನೋಡಬ್ಯಾಡ್ರಿ!"

ಎಲ್ಬೋದ ಕನ್ನಡಿ ತಲೆಕೆಳಗಾದದ್ದನ್ನು ನೆಟ್ಟಗೆ ಮಾಡಿಬಿಟ್ಟಿತ್ತು. ಮೆಟ್ಟಿಲ ಮೇಲೆ ಹೋ ಎಂದು ಗುಲ್ಲೆದ್ದಿತು. ಎಣ್ಣೆ ಬಾಟಲಿಯೊಂದು ಉರುಳಿತು.

"ಅದನ್ನ ಜಲ್ದಿ ತಗಿ" ಎಂದ ಉಚ್ಚೆಂಗಪ್ಪ. "ಒಂದು ಸ್ಕ್ರೂ ಬಿಚ್ಚಿದ್ರ ಆತು. ಇಷ್ಟು ಮಂದಿ ದೂರದಿಂದ ಬಂದಾರ, ನಿನ್ನ ಹೆಸರು ಉಳಿತತಿ."

ಬಿಚ್ಚುವುದು! ಅಂದಾನಪ್ಪನಿಗೆ ಅದಕ್ಕಿಂತ ಸುಲಭದ ಕೆಲಸ ಜಗತ್ತಿನಲ್ಲಿರಲಿಲ್ಲ. ಕೈ ತಾನಾಗಿಯೇ ಸ್ಕ್ರೂಡ್ರೈವರ್ ಹಿಡಿಯಿತು. ಆಗಲೇ ಮೆಟ್ಟಿಲ ಬಾಯಲ್ಲಿ ಸಂಗಮ್ಮ ಕಂಡಳು. ಕುರ್ಚಿ ಯಾಕೆ ಮೇಲೆ ಹೋಯಿತೆಂದು ನೋಡಲು, ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿ ಬಂದಿದ್ದಳು. ಏದುಸಿರು ಬಿಡುತ್ತಿದ್ದಳು. ಅವಳ ಕಣ್ಣು ಮೊದಲು ಕುರ್ಚಿಯ ಮೇಲೆ, ಆಮೇಲೆ ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಮೇಲೆ ಹೋಯಿತು.

ಅಂದಾನಪ್ಪ ಸ್ಕ್ರೂಡ್ರೈವರನ್ನು ಜೇಬಿಗಿಟ್ಟ.

"ತಗಿಯಂಗಿಲ್ಲ" ಎಂದ. "ಇದು ನನ್ನ ಹೆಂಡ್ತಿ ಹಂಡೆ. ಆಕಿ ಕುಂತಾ ನೋಡ್ತಾಳ. ನಿಮಗ ನಡುಗೋದಿದ್ರ ಕೆಳಗ ಹೋಗಿ ನಡುಗ್ರಿ."

ಹೋದರು. ಬಂದದ್ದಕ್ಕಿಂತ ಬೇಗ ಹೋದರು. ಟ್ರ್ಯಾಕ್ಟರಿನ ಸದ್ದು ಓಣಿ ದಾಟಿತು, ಭರಮಮ್ಮನ ಕಿಟಕಿ ಮುಚ್ಚಿತು. ಇನ್ನು ನಾಳೆಯಿಂದ ಅವನ ಗಿರಣಿಗೆ ಎಷ್ಟು ಮಂದಿ ಹಿಟ್ಟು ಬೀಸಿಸಲು ಬಂದಾರೋ ಎಂದು ಉಚ್ಚೆಂಗಪ್ಪ ಇಳಿಯುತ್ತಲೇ ಭವಿಷ್ಯ ಹೇಳಿದ.

ಅಂದಾನಪ್ಪ ಕೊಳವೆಯನ್ನು ಆಕಾಶಕ್ಕೆ ತಿರುಗಿಸಿ, ಹುಡುಕಿ, ಕುರ್ಚಿ ಸರಿಸಿಕೊಟ್ಟ. ಸಂಗಮ್ಮ ಸೆರಗು ಸಿಕ್ಕಿಸಿ ಕೂತು ಕಣ್ಣಿಟ್ಟಳು. ಆ ವರ್ಷ ಶನಿಯ ಉಂಗುರ ನಮ್ಮ ಕಡೆ ಅಂಚು ತಿರುಗಿಸಿಕೊಂಡಿದ್ದರಿಂದ ಬಲು ತೆಳ್ಳಗೆ, ಎರಡು ಬದಿಗೆ ಚಾಚಿದ ಗೆರೆಯಷ್ಟೇ ಕಾಣುತ್ತಿತ್ತು. ಇದನ್ನು ಕಂಡು ಏನನ್ನುವಳೋ ಎಂದು ಅವನಿಗೆ ಅಳುಕಿತ್ತು. ಅವನು ತಡೆಯಲಾರದೆ, "ಕಂಡಾನೇನು?" ಎಂದ.

"ಅಯ್ಯ... ನನ್ನ ಹಂಡೆ!"

"ಏನು?"

"ಹಂಡೆ ಐತ್ರಿ ಇದ್ರಾಗ. ಹುಣಸಿಹಣ್ಣು ಹಚ್ಚಿ ತಿಕ್ಕಿದಂಗ ಹೊಳಿಯಾಕ ಹತ್ತೇತಿ. ದುಂಡಗ ಹೊಟ್ಟಿ, ಎರಡೂ ಕಡಿ ಹಿಡಿಕಿ. ನಮ್ಮವ್ವ ಕೊಟ್ಟಿದ್ದಾ."

"ಅದು ಹಂಡೆ ಅಲ್ಲ ಮಾರಾಯ್ತಿ. ಅವನಾ ಶನಿ."

ಸಂಗಮ್ಮ ತಲೆಯೆತ್ತಿ ಅವನನ್ನು ನೋಡಿದಳು, ಮತ್ತೆ ಬಗ್ಗಿ ಅದನ್ನು ನೋಡಿದಳು.

"ಇದಾ ಶನೀ? ಇಷ್ಟು ಚಂದ ಇರೋನ ಹೆಸರ್ಲೆ ನಿಮ್ಮನ್ನ ಇಷ್ಟು ವರ್ಷ ಬೈದ್ನೇನ್ರಿ ನಾನು! ಪಾಪ, ಅವ ಎಷ್ಟು ನೊಂದ್ಕಂಡಿರಬೇಕು. ನಾಳಿಂದ ನಿಮಗ ಬ್ಯಾರೆ ಬೈಗಳ ಹುಡುಕಬೇಕು."

ಹಾಗೆಂದಳೇ ಹೊರತು ಕಣ್ಣು ತೆಗೆಯಲಿಲ್ಲ. ಅಂದಾನಪ್ಪ ಹಿಟ್ಟಿನ ಡಬ್ಬಿ ಅಲ್ಲಾಡದಂತೆ ಹಿಡಿದುಕೊಂಡು, ತನ್ನ ಸರದಿಗೆ ಕಾಯುತ್ತ ನಿಂತ.